ಹೆಬ್ಬಾತು ಒಯ್ದ ಮಾತು

ಹೋದ ವರ್ಷದ ಹಕ್ಕಿ ಎಣಿಕೆಯ ದಿನ ಹಿನ್ನೀರಿನ ಮೆಟ್ಟಿಲ ಮೇಲೆ ಅಪ್ಪನ ಕಾಲು ಪಾಚಿಗೆ ಜಾರಿತು. ನಾನು ‘ಅಪ್ಪಾ’ ಎಂದು ಕೂಗಿಬಿಟ್ಟೆ. ನೀರಿನ ಅಂಚಿನಲ್ಲಿದ್ದ ಹೆಬ್ಬಾತೊಂದು ಕತ್ತು ಎತ್ತಿ ನನ್ನ ಕಡೆ ನೋಡಿತು. ಅಪ್ಪ ಕಂಬಿ ಹಿಡಿದು ನಿಂತುಕೊಂಡರು, ಅವರಿಗೆ ಏನೂ ಆಗಲಿಲ್ಲ. ತಿರುಗಿ ನನ್ನನ್ನು ಕಂಡಾಗ ಅವರ ಮುಖದಲ್ಲಿ ಗಾಬರಿಗಿಂತ ಕನಿಕರ ಹೆಚ್ಚಾಗಿತ್ತು. ಪಂಚೆಯ ಮಡಿಕೆಯಿಂದ ಪೆನ್ಸಿಲು ತೆಗೆದು, ಅಲ್ಲೇ ಮೆಟ್ಟಿಲ ಮೇಲೆ ಕೂತು, ಹಕ್ಕಿಪುಸ್ತಕದಲ್ಲಿ ಬರೆದರು. ‘ಪಟ್ಟೆತಲೆ ಹೆಬ್ಬಾತು. ಎಡಗಾಲಿನ ಒಂದು ಬೆರಳಿಲ್ಲ. ಒಯ್ದದ್ದು: ಅಪ್ಪಾ. ಯಾರದು: ಮರುದೇವಿಯದು. ತಲುಪಬೇಕಾದದ್ದು: ಮರುದೇವಿಗೆ.’

ಮರುದೇವಿ ನಾನೇ. ಆ ದಿನ ಸಂಜೆ ಮನೆಗೆ ಬಂದು ಅವರನ್ನು ಊಟಕ್ಕೆ ಕರೆಯಲು ಹೋದರೆ ನಾಲಿಗೆ ಆ ಮಾತಿನ ಜಾಗಕ್ಕೆ ಹೋಗಿ ಸುಮ್ಮನೆ ವಾಪಸು ಬಂತು. ಬಿದ್ದ ಹಲ್ಲಿನ ಜಾಗ ಹೇಗೆ ನುಣ್ಣಗಿರುತ್ತದೋ ಹಾಗಿತ್ತು ಅದು.

ನಮ್ಮೂರಿಗೆ ಮೂರು ನೀರು. ಊರ ಮುಂದೆ ತಾವರೆಕೆರೆ, ಬಸದಿಯ ಆಚೆ ಹೂಳು ತುಂಬಿದ ಹಳೆಕೆರೆ, ಎಂಟು ಮೈಲಿ ದೂರದಲ್ಲಿ ಅಣೆಕಟ್ಟಿನ ಹಿನ್ನೀರು. ಕಾರ್ತಿಕ ಕಳೆಯುತ್ತಲೇ ಬಡಗಣ ದಿಕ್ಕಿನಿಂದ ಹಕ್ಕಿಗಳು ಬಂದಿಳಿಯುತ್ತವೆ. ಶಿವರಾತ್ರಿಯ ಹೊತ್ತಿಗೆ ಹೊರಟುಹೋಗುತ್ತವೆ. ಅವು ಇರುವಷ್ಟು ದಿನ ಈ ಮೂರು ದಂಡೆಗಳ ಮೇಲೆ ನಮ್ಮವರು ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಮೊದಲ ಮಾತು ಹಕ್ಕಿಯ ಪಾಲು. ಮರುವರ್ಷ ಅದೇ ಹಕ್ಕಿ ಬಂದು ಆ ಮಾತನ್ನು ಒಂದೇ ಒಂದು ಸಲ, ಆಡಿದವರ ದನಿಯಲ್ಲೇ ಆಡುತ್ತದೆ. ಆಡಿದವರು ಅಲ್ಲಿದ್ದು ಕೇಳಿಸಿಕೊಂಡರೆ ಮಾತು ಅವರ ನಾಲಿಗೆಗೆ ಮರಳುತ್ತದೆ. ಬೇರೆಯವರ ಕಿವಿಗೆ ಬಿದ್ದರೆ, ಕೇಳಿದವರು ಬಾಯಿ ಮುಚ್ಚಿಕೊಂಡು ನೆಟ್ಟಗೆ ಅವರ ಮನೆ ಬಾಗಿಲಿಗೆ ಹೋಗಿ ಒಪ್ಪಿಸಬೇಕು. ದಾರಿಯಲ್ಲಿ ಎದುರು ಸಿಕ್ಕವರ ಹತ್ತಿರ ‘ಹೇಗಿದ್ದೀರಿ’ ಅಂದರೂ ಮುಗಿಯಿತು, ಹೊತ್ತು ತಂದದ್ದು ಬೀದಿಪಾಲು. ಊರಿನ ಹಕ್ಕಿಗಳು, ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಇವೆಲ್ಲ, ಏನನ್ನೂ ಒಯ್ಯುವುದಿಲ್ಲ. ಅವಕ್ಕೆ ನಮ್ಮ ಮಾತು ವರ್ಷವೆಲ್ಲ ಕೇಳಿ ಕೇಳಿ ಸಾಕಾಗಿದೆ. ಚೈತ್ರದಲ್ಲಿ ಬಟ್ಟೆ ಒಗೆಯಲು ಕೆರೆಗೆ ಹೋಗುವ ಹೆಂಗಸರು ನಾಲ್ಕು ತಿಂಗಳು ತಡೆದುಕೊಂಡದ್ದನ್ನೆಲ್ಲ ಒಂದೇ ದಿನದಲ್ಲಿ ಒಗೆದು ಹಿಂಡಿ ಬರುತ್ತಾರೆ.

ಎಷ್ಟು ಎಚ್ಚರವಿದ್ದರೂ ವರ್ಷಕ್ಕೆ ನಾಲ್ಕೈದು ಜನ ಕಳೆದುಕೊಳ್ಳುವುದು ಇದ್ದೇ ಇದೆ. ತಾವರೆಕೆರೆಯ ತೂಬು ನೋಡಿಕೊಳ್ಳುವ ಕಾಳಿಂಗಣ್ಣ ಒಂದು ವರ್ಷ ‘ಬೇಡ’ ಎಂಬ ಮಾತು ಕಳೆದುಕೊಂಡಿದ್ದ. ಯಾರು ಏನು ಕೇಳಿದರೂ ಅವನು ತಲೆ ಆಡಿಸುವುದು, ಕೇಳಿದವರು ಅದನ್ನು ಒಪ್ಪಿಗೆ ಎಂದುಕೊಳ್ಳುವುದು. ಆ ಒಂದು ವರ್ಷದಲ್ಲಿ ಅವನ ಮನೆಗೆ ಎರಡು ಮೇಕೆ, ಒಂದು ಹೊಲಿಗೆ ಯಂತ್ರ, ದೂರದ ನೆಂಟರ ಪೈಕಿ ಒಬ್ಬ ಅಳಿಯ, ಈಗ ಓಡಿಸುತ್ತಿರುವ ಲಗೇಜ್ ಆಟೊ, ಇಷ್ಟು ಬಂದವು. ಅಂಗಡಿ ತಿಪ್ಪಣ್ಣನದು ಇನ್ನೊಂದು ಕಥೆ. ಅವನ ಹೆಂಡತಿಯ ಹೆಸರು ಒಯ್ದ ಹಕ್ಕಿ ಹದಿನೆಂಟು ವರ್ಷವಾದರೂ ಬಂದಿಲ್ಲ. ‘ಇವಳೇ’ ಎಂದೇ ಕರೆಯುತ್ತಾನೆ. ‘ಕಳ್ಕೊಳ್ದಿರೋ ಗಂಡಂದಿರು ಮಾತ್ರ ಹೆಸರು ಹಿಡಿದು ಕರೀತಾರೇನು ಬಿಡಿ’ ಎಂದು ಅವಳು ನಗುತ್ತಾಳೆ. ಆದರೆ ಪ್ರತಿ ವರ್ಷ ಎಣಿಕೆ ಮುಗಿದ ಮರುದಿನ ನಮ್ಮ ಮನೆಯ ಜಗಲಿಗೆ ಬಂದು ಪುಸ್ತಕ ತೆಗೆಸಿ ನೋಡಿಕೊಂಡು ಹೋಗುವುದನ್ನು ತಪ್ಪಿಸಿಲ್ಲ. ಅವಳ ಸಾಲಿನ ಮುಂದೆ ‘ಬಾರದ್ದು’ ಎಂದು ಬರೆದಿದೆ. ಮರುವರ್ಷದ ಎಣಿಕೆಯ ಹೊತ್ತಿಗೆ ಬಾರದ ಹಕ್ಕಿ ಆಮೇಲೆ ಬಂದದ್ದನ್ನು ನಮ್ಮೂರಲ್ಲಿ ಕಂಡವರಿಲ್ಲ.

ಆ ಪುಸ್ತಕ ನಲವತ್ತೊಂದು ವರ್ಷದಿಂದ ಅಪ್ಪನ ಕೈಯಲ್ಲಿದೆ. ಧರಣೇಂದ್ರಯ್ಯ ಎಂದರೆ ಊರಿಗೆ ಎರಡು ಕೆಲಸದವರು. ಬಸದಿಯಲ್ಲಿ ಪುರಾಣ ಓದುವವರು, ಕೆರೆಯಲ್ಲಿ ಹಕ್ಕಿ ಎಣಿಸುವವರು. ಒಂದು ಕಡೆ ಅಷ್ಟು ದೊಡ್ಡ ದನಿ, ಇನ್ನೊಂದು ಕಡೆ ಅಷ್ಟೇ ದೊಡ್ಡ ಮೌನ. ಒಂದು ಸಲ ಹಳೆಕೆರೆಯ ಏರಿಯ ಮೇಲೆ ಚೇಳು ಕಡಿದಾಗ ಕೂಡ ಅವರು ತುಟಿ ಕಚ್ಚಿಕೊಂಡು, ಎಣಿಕೆ ಮುಗಿಸಿ, ಏರಿ ಇಳಿದು ಬಂದು ಹುಣಸೆಮರದ ಬುಡದಲ್ಲಿ ಕೂತು ಆಮೇಲೆ ‘ಅಯ್ಯೋ’ ಎಂದರಂತೆ. ಅದನ್ನು ನೋಡಿದ ಕಾಳಿಂಗಣ್ಣ ಈಗಲೂ ಹೇಳುತ್ತಾನೆ.

ನಾನು ಹುಟ್ಟಿದಾಗಿನಿಂದ ಕೇಳಿಕೊಂಡು ಬೆಳೆದವಳು. ಹೊತ್ತು ಮುಳುಗುವುದರೊಳಗೆ ನಮ್ಮ ಮನೆಯಲ್ಲಿ ಊಟವಾಗುತ್ತದೆ. ಆಮೇಲೆ ಅಪ್ಪ ಕಂಬಕ್ಕೆ ಒರಗಿ ಒಂದು ಸಂಧಿ ಓದುತ್ತಿದ್ದರು. ಪ್ರತಿ ಪದ್ಯ ಮುಗಿದಾಗ ತಲೆ ಎತ್ತಿ ನನ್ನ ಕಡೆ ನೋಡುತ್ತಿದ್ದರು. ನಾನು ‘ಹೂಂ’ ಎನ್ನಬೇಕು. ಅಂದರೆ ಕೇಳಿಸಿತು, ಒಳಗೆ ಹೋಯಿತು, ಮುಂದಕ್ಕೆ ಓದಬಹುದು ಎಂದು ಅರ್ಥ. ಮದುವೆಯಾಗಿ ಎಂಟು ವರ್ಷ ಬೇರೆ ಊರಲ್ಲಿದ್ದು, ಗಂಡ ತೀರಿಕೊಂಡ ಮೇಲೆ ಮತ್ತೆ ಇಲ್ಲಿಗೇ ಬಂದೆ. ಬಂದ ಸಂಜೆ ಅಪ್ಪ ಏನೂ ಕೇಳಲಿಲ್ಲ. ಬಿಟ್ಟ ಪದ್ಯದಿಂದ ಓದಿದರು. ನಾನು ‘ಹೂಂ’ ಎಂದೆ.

ನಾನು ಅವರ ಪದ್ಯಕ್ಕೆ ‘ಹೂಂ’ ಎಂದರೆ ಅವರು ನನ್ನ ಕರೆಗೆ ‘ಓ’ ಎನ್ನುತ್ತಿದ್ದರು. ನಾನು ಅಡುಗೆಮನೆಯಿಂದ ‘ಅಪ್ಪಾ’ ಎಂದರೆ ಅವರು ಹಿತ್ತಲಲ್ಲಿರಲಿ, ಜಗಲಿಯಲ್ಲಿರಲಿ, ‘ಓ’ ಬರುತ್ತಿತ್ತು. ಷಟ್ಪದಿಯಲ್ಲಿ ಎರಡು ಸಾಲು ಚಿಕ್ಕದಾಗಿ ಹೋಗಿ ಮೂರನೆಯದು ಉಸಿರೆಳೆದುಕೊಂಡು ಉದ್ದಕ್ಕೆ ಸಾಗುತ್ತದಲ್ಲ, ಆ ಮೂರನೆಯ ಸಾಲಿನ ತುದಿಯ ಎಳೆತ ಅದು. ಕೆಳಗೆ ಶುರುವಾಗಿ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತಿತ್ತು.

ಆ ವರ್ಷವೆಲ್ಲ ನಾನು ಕರೆಯಲು ದಾರಿ ಹುಡುಕಿದೆ. ‘ತಂದೆಯವರೇ’ ಎಂದು ನೋಡಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು, ‘ನಾಟಕದ ರಾಜಕುಮಾರಿ ಬಂದಳಾ? ಮಂತ್ರಿ ಎಲ್ಲಿ?’ ಎಂದು ಕೇಳಿದರು. ‘ಇಲ್ಲಿ ನೋಡಿ’, ‘ಕೇಳಿಸ್ತಾ’ ಎಂದೆಲ್ಲ ಹೇಳಿ ಬೇಸರವಾಗಿ, ಕಡೆಗೆ ಹಿತ್ತಾಳೆ ಚೊಂಬಿಗೆ ಚಮಚದಿಂದ ಎರಡು ಸಲ ತಟ್ಟತೊಡಗಿದೆ. ಟಣ್ ಟಣ್. ಅವರು ಅದಕ್ಕೂ ‘ಓ’ ಎನ್ನುತ್ತಿದ್ದರು. ಆ ‘ಓ’ ಕೇಳಿದಾಗಲೆಲ್ಲ ನನಗೆ ಅರ್ಧ ಮಾತ್ರ ಸಿಕ್ಕಿದಂತಾಗುತ್ತಿತ್ತು.

ಮಳೆಗಾಲದಲ್ಲಿ ಅವರ ಉಸಿರು ಕುಗ್ಗಿತು. ಓದುವಾಗ ಮೂರನೆಯ ಸಾಲಿಗೆ ಸಾಲದೆ ನಡುವೆ ನಿಲ್ಲುತ್ತಿದ್ದರು. ನಿಂತು, ಕ್ಷಮೆ ಕೇಳುವವರಂತೆ ನನ್ನ ಕಡೆ ನೋಡುತ್ತಿದ್ದರು. ದೀಪಾವಳಿಯ ಮೇಲೆ ಓದುವುದನ್ನೇ ನಿಲ್ಲಿಸಿದರು. ಡಾಕ್ಟರಮ್ಮ ಅವರ ಎದೆಗೆ ಕೊಳವೆ ಇಟ್ಟು ನೋಡಿ, ನನ್ನನ್ನು ಹೊರಗೆ ಕರೆದು, ‘ಗುಂಡಿಗೆ ದಣಿದಿದೆ. ಮೆಟ್ಟಿಲು ಹತ್ತಿಸಬೇಡಿ. ಮುಂದಿನ ಚಳಿಗಾಲದ ಮಾತು ಈಗ ಆಡೋದು ಬೇಡ’ ಎಂದರು. ನಾನು ಒಳಗೆ ಬಂದಾಗ ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ‘ಬಾಗಿಲು ಅಷ್ಟೇನೂ ದಪ್ಪ ಇಲ್ಲ ಮಗಾ’ ಎಂದು ನಕ್ಕರು.

ಅಂದಿನಿಂದ ನನಗೆ ಒಂದೇ ಆಸೆ. ಆ ಹೆಬ್ಬಾತು ಬರಲಿ. ಅವರು ಇರುವಾಗಲೇ ಬರಲಿ. ಒಂದು ಸಲ ಅವರನ್ನು ಆ ಮಾತಿನಿಂದಲೇ ಕರೆಯಬೇಕು. ದಿನವೂ ಬಸದಿಯಲ್ಲಿ ಕೈ ಮುಗಿದು ನಿಂತಾಗ ಬೇರೇನನ್ನೂ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಬಾರದು ಎಂದು ಅಪ್ಪ ಹೇಳಿಕೊಟ್ಟಿದ್ದರು, ಆದರೂ ಕೇಳಿಕೊಂಡೆ.

ಪುಷ್ಯದ ಮೊದಲ ಭಾನುವಾರ ಎಣಿಕೆ. ಬೆಳಗ್ಗೆ ಎದ್ದು ನೋಡಿದರೆ ಅಪ್ಪ ಆಗಲೇ ಸ್ನಾನ ಮಾಡಿ, ದುರ್ಬೀನು ಕೊರಳಿಗೆ ಹಾಕಿಕೊಂಡು, ಪುಸ್ತಕ ಹಿಡಿದು ಜಗಲಿಯಲ್ಲಿ ಕೂತಿದ್ದರು.

‘ನೀವು ಬರೋದು ಬೇಡ. ನಾನೇ ಎಣಿಸಿಕೊಂಡು ಬರ್ತೀನಿ.’

‘ನೀನು ಎಣಿಸೋಕೆ ಕೂತರೆ ಬಾತನ್ನೂ ನಾಮಕೋಳಿನೂ ಒಂದೇ ಲೆಕ್ಕಕ್ಕೆ ಹಾಕ್ತೀಯ.’

‘ಡಾಕ್ಟರಮ್ಮ ಹೇಳಿದ್ದು?’

‘ಅವರು ಮೆಟ್ಟಿಲು ಅಂದರು. ಕೆರೆ ಅನ್ನಲಿಲ್ಲ.’

ಅಷ್ಟರಲ್ಲಿ ಕಾಳಿಂಗಣ್ಣನ ಲಗೇಜ್ ಆಟೊ ಬಂತು. ಹಿಂದಿನ ತೊಟ್ಟಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ನಾಲ್ಕೂ ಕಾಲಿಗೆ ಹಗ್ಗ ಬಿಗಿದು ಕಟ್ಟಿದ್ದ. ‘ಬನ್ನಿ ಅಯ್ನೋರೇ, ಅಂಬಾರಿ ರೆಡಿ. ಅಕ್ಕಾ, ನೀವು ಪಕ್ಕದಾಗೆ ಹಿಡ್ಕೊಂಡು ಕೂತ್ಕಳಿ. ಆನೆ ಏನೋ ಸಾಧು, ರಸ್ತೆ ಮಾತ್ರ ಸಾಧು ಅಲ್ಲ’ ಎಂದ.

ಅವನ ಬಾಯಿ ತಾವರೆಕೆರೆಯ ಏರಿಯ ಬುಡ ಬರುವ ತನಕ ನಿಲ್ಲಲಿಲ್ಲ. ಅಲ್ಲಿ ಎಂಜಿನ್ನಿನ ಜೊತೆಗೇ ಅದೂ ನಿಂತಿತು. ಮೂವರೂ ಏರಿಯ ಮೇಲೆ ನಿಂತೆವು. ಮಂಜು ನೀರಿನಿಂದ ಒಂದು ಮೊಳ ಮೇಲೆ ತೂಗುತ್ತಿತ್ತು. ಅದರ ಕೆಳಗೆ ಹಕ್ಕಿಗಳ ಹೊಟ್ಟೆಗಳು ಮಾತ್ರ ಕಾಣುತ್ತಿದ್ದವು, ತಲೆಗಳೆಲ್ಲ ಬೇರೆ ಲೋಕದಲ್ಲಿದ್ದವು. ಎಣಿಕೆಗೆ ನಮ್ಮಲ್ಲಿ ಕೈಭಾಷೆ ಇದೆ. ಅಂಗೈ ಚಮಚದಂತೆ ಮಾಡಿದರೆ ಚಮಚದ ಕೊಕ್ಕಿನ ಹಕ್ಕಿ, ಗಲ್ಲದ ಕೆಳಗೆ ಚೀಲದಂತೆ ಹಿಡಿದರೆ ಹೆಜ್ಜಾರ್ಲೆ, ಹಣೆಗೆ ಒಂದು ಬೆರಳು ಇಟ್ಟರೆ ನಾಮಕೋಳಿ, ತಲೆಯ ಹಿಂದೆ ಎರಡು ಬೆರಳು ಅಡ್ಡ ಇಟ್ಟರೆ ಪಟ್ಟೆತಲೆ ಹೆಬ್ಬಾತು. ಅಪ್ಪ ಕೈ ಮಾಡುತ್ತಾ ಹೋದರು, ನಾನು ಗೀಟು ಎಳೆಯುತ್ತಾ ಹೋದೆ. ಗುಳುಮುಳುಕಗಳು ಮುಳುಗಿ ಬೇರೆ ಕಡೆ ಏಳುತ್ತಿದ್ದವು. ಅವನ್ನು ಎರಡೆರಡು ಸಲ ಎಣಿಸದಿರುವುದೇ ಒಂದು ತಪಸ್ಸು.

ಸೂಜಿಬಾಲದ ಬಾತುಗಳ ಒಂದು ಗುಂಪು ತೂಬಿನ ಹತ್ತಿರ ಬಂದಿತ್ತು. ಕಾಳಿಂಗಣ್ಣ ಅಲ್ಲಿಗೆ ಇಳಿದು ಬಾಗಿ ನೋಡುತ್ತಿದ್ದವನು ಥಟ್ಟನೆ ನೆಟ್ಟಗಾದ. ಬಲಗೈಯನ್ನು ಬಾಯಿಯ ಮೇಲೆ ಇಟ್ಟುಕೊಂಡ. ಯಾರದೋ ಮಾತು ಅವನ ಕಿವಿಗೆ ಬಿದ್ದಿತ್ತು. ಅಪ್ಪ ಪುಸ್ತಕ ತೆರೆದು ಬೆರಳಿನಿಂದ ಒಂದು ಸಾಲು ತೋರಿಸಿದರು. ‘ಸೂಜಿಬಾಲದ ಬಾತು. ರೆಕ್ಕೆಯ ಅಂಚು ಮುರಿದಿದೆ. ಒಯ್ದದ್ದು: ಬಂದೆ. ಯಾರದು: ಹಾಲಿನ ಸಣ್ಣಮ್ಮನದು.’ ಕಾಳಿಂಗಣ್ಣ ಹೌದೆಂದು ತಲೆ ಆಡಿಸಿದ.

ಸಣ್ಣಮ್ಮ ಆಷಾಢದಲ್ಲಿ ತೀರಿಕೊಂಡಿದ್ದಳು. ಮೂವತ್ತು ವರ್ಷ ಬೆಳಗಾಗುವಾಗ ಮನೆ ಮನೆಯ ಮುಂದೆ ‘ಬಂದೆ’ ಎಂದು ಕೂಗಿ ಹಾಲು ಹಾಕಿದವಳು. ಹೋದ ಚಳಿಗಾಲ ಅವಸರದಲ್ಲಿ ಏರಿಯ ಮೇಲೆ ಬರುತ್ತಾ ಯಾರಿಗೋ ‘ಬಂದೆ’ ಎಂದಳು, ಹೋಯಿತು. ಆಮೇಲೆ ಕಡೆಯ ತನಕ ಕ್ಯಾನಿನ ಮುಚ್ಚಳ ಬಡಿದೇ ಬಂದದ್ದು ತಿಳಿಸುತ್ತಿದ್ದಳು.

ಅವಳ ಮನೆಗೆ ಹೋಗುವ ದಾರಿಯಲ್ಲಿ ಕಾಳಿಂಗಣ್ಣನ ಅವಸ್ಥೆ ನೋಡಬೇಕಿತ್ತು. ಅರ್ಧ ಊರು ಅವನಿಗೆ ನೆಂಟರು. ‘ಏನ್ಲಾ ಕಾಳಿಂಗ, ಎಣಿಕೆ ಆಯ್ತಾ?’ ಎಂದು ಒಬ್ಬ. ‘ಬಾಯಾಗೆ ಲಾಡು ಇಟ್ಕೊಂಡವನೆ ಕಣ್ರೋ’ ಎಂದು ಇನ್ನೊಬ್ಬ. ಅವನು ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಆಟೊ ಓಡಿಸಿದ. ಅಪ್ಪ ಕುರ್ಚಿಯ ಮೇಲೆ ಕೂತು ಸದ್ದಿಲ್ಲದೆ ನಗುತ್ತಿದ್ದರು.

ಸಣ್ಣಮ್ಮನ ಸೊಸೆ ಲಕ್ಕವ್ವ ಹಟ್ಟಿಯ ಒಳಗೆ ಸಗಣಿ ಬಾಚುತ್ತಿದ್ದಳು. ಅತ್ತೆ ಸೊಸೆ ಜಗಳ ಆ ಬೀದಿಗೆಲ್ಲ ಗಡಿಯಾರವಿದ್ದಂತಿತ್ತು. ಅದು ಶುರುವಾದರೆ ಆರು ಗಂಟೆ ಎಂದು ಲೆಕ್ಕ. ಕಾಳಿಂಗಣ್ಣ ಬಾಗಿಲಲ್ಲಿ ನಿಂತು ಕೈ ತೆಗೆದ. ಅವನ ಪೊದೆ ಮೀಸೆಯ ಕೆಳಗಿನಿಂದ ಸಣ್ಣಮ್ಮನ ಕೀಚಲು ದನಿ, ಎಳೆದ ದನಿ, ಬೀದಿಗೆಲ್ಲ ಕೇಳುವಂತೆ ಬಂತು. ‘ಬಂದೇ…’

‘ಬಾಗ್ಲು ತೆಗ್ದೇ ಐತಲ್ಲ, ಬಾ ಅತ್ತೆ, ಯಾಕಂಗೆ ಬಡ್ಕೊಂತೀಯ’ ಎಂದಳು ಲಕ್ಕವ್ವ ಒಳಗಿನಿಂದ, ಬಗ್ಗಿದವಳು ಬಗ್ಗಿದಂತೆಯೇ. ಹೇಳಿದ ಮೇಲೆ ಅವಳ ಕೈ ನಿಂತಿತು. ನಿಧಾನವಾಗಿ ಎದ್ದು ಬಾಗಿಲಿಗೆ ಬಂದಳು. ಸಗಣಿಯ ಕೈಗಳನ್ನು ಮುಂದೆ ಹಿಡಿದುಕೊಂಡು, ನಮ್ಮ ಮೂವರ ಹಿಂದೆ ಬೀದಿಯಲ್ಲಿ ಯಾರನ್ನೋ ಹುಡುಕಿದಳು.

‘ಇನ್ನೊಂದ್ಸಲ ಅನ್ನಣ್ಣ.’

‘ಒಂದೇ ಸಲ ಕಣವ್ವ ಇರೋದು’ ಎಂದ ಕಾಳಿಂಗಣ್ಣ, ತನ್ನ ದನಿಯಲ್ಲಿ.

‘ಒಂದೇ ಸಲಾನಾ’ ಎಂದಳು. ‘ಇರ್ಲಿ. ಇಷ್ಟಾದ್ರೂ ಬಂತಲ್ಲ ಮುದುಕಿ’ ಎಂದು ಮೊಣಕೈಯಿಂದ ಕಣ್ಣು ಒರೆಸಿಕೊಂಡು, ನಮ್ಮನ್ನು ಕೂರಿಸಿ ಹಾಲು ಕಾಯಿಸಿದಳು.

ಅಲ್ಲಿಂದ ಹಳೆಕೆರೆಗೆ. ದಾರಿಯಲ್ಲಿ ಅಪ್ಪ ಹಗ್ಗ ಕಟ್ಟಿದ ಕುರ್ಚಿಯಲ್ಲಿ ಅಲುಗಾಡುತ್ತಾ ದೂರ ನೋಡುತ್ತಿದ್ದರು. ನನ್ನ ಕಡೆ ತಿರುಗಿ, ‘ಅವಳ ಮುಖ ನೋಡಿದೆಯಾ?’ ಎಂದರು.

‘ನೋಡಿದೆ.’

‘ಇಷ್ಟು ದಿನ ಇಂಥವನ್ನು ಬಾಗಿಲಿಗೆ ತಲುಪಿಸಿದೆ. ಬಾಗಿಲ ಒಳಗೆ ಇರೋರ ಮುಖ ನೋಡಿರಲಿಲ್ಲ ನಾನು. ಪುಸ್ತಕ ನೋಡ್ತಿದ್ದೆ’ ಎಂದರು. ಅಷ್ಟೇ.

ಹಳೆಕೆರೆಯಲ್ಲಿ ನೀರಿಗಿಂತ ಕೆಸರು ಹೆಚ್ಚು. ಮೆಟ್ಟುಗಾಲು ಹಕ್ಕಿಗಳು ಕೆಂಪು ಕಾಲುಗಳ ಮೇಲೆ, ನೆಲ ಸುಡುತ್ತದೇನೋ ಎನ್ನುವಂತೆ ಹೆಜ್ಜೆ ಇಡುತ್ತಿದ್ದವು. ಬಣ್ಣದ ಕೊಕ್ಕರೆಗಳು ಧ್ಯಾನಕ್ಕೆ ಕೂತವರ ಹಾಗೆ ಒಂದೊಂದೇ ಕಾಲಿನಲ್ಲಿದ್ದವು. ನಾನು ಗೀಟು ಎಳೆದೆನೇ ಹೊರತು ನೋಡಿದ್ದು ಬರೀ ಕಾಲುಗಳನ್ನು. ಹೆಬ್ಬಾತು ಅಲ್ಲಿಗೆ ಬರುವುದಿಲ್ಲ ಎಂದು ಗೊತ್ತಿದ್ದೂ ಪ್ರತಿ ಹಕ್ಕಿಯ ಎಡಗಾಲಿನ ಬೆರಳು ಎಣಿಸಿದೆ.

ಮಧ್ಯಾಹ್ನ ನೀರಿನಿಂದ ದೂರ ಒಂದು ಮಾವಿನ ತೋಪಿನಲ್ಲಿ ಇಳಿದೆವು. ನಾನು ಕಟ್ಟಿಕೊಂಡು ಬಂದಿದ್ದ ಅವಲಕ್ಕಿ ಬಿಚ್ಚಿ, ಚೊಂಬಿಗೆ ಬಟ್ಟೆ ಕಟ್ಟಿ ನೀರು ಸೋಸಿದೆ. ಕಾಳಿಂಗಣ್ಣ ಬೆಳಗಿನಿಂದ ಕೂಡಿಟ್ಟದ್ದನ್ನೆಲ್ಲ ಬಿಡುತ್ತಿದ್ದ. ‘ಅಲ್ಲ ಅಯ್ನೋರೇ, ಆ ಮುದುಕಿ ದನಿ ನನ್ನ ಗಂಟಲಾಗೆ ಹೆಂಗೆ ಕಚಗುಳಿ ಇಡ್ತಿತ್ತು ಗೊತ್ತಾ? ನನ್ನ ಹೆಂಡ್ತಿ ನೋಡಿದ್ರೆ ವರ್ಷ ಪೂರ್ತಿ ನಗಾಡೋಳು.’ ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿ, ‘ಬತ್ತದೆ ಬಿಡಕ್ಕ. ಹಿನ್ನೀರಿಗೆ ಈ ಸಲ ತಡವಾಗಿ ಬಂದವೆ. ಇನ್ನೂ ಬರ್ತಾ ಅವೆ’ ಎಂದ.

‘ಬಾರದಿದ್ದರೆ ಬರೆಯಬೇಕಾಗುತ್ತೆ’ ಎಂದೆ. ಅಪ್ಪ ಕೇಳಿಸದವರಂತೆ ಅವಲಕ್ಕಿಯಲ್ಲಿ ಮೆಣಸಿನಕಾಯಿ ಹೆಕ್ಕಿ ಪಕ್ಕಕ್ಕಿಡುತ್ತಿದ್ದರು.

ಹಿನ್ನೀರಿಗೆ ಮುಟ್ಟಿದಾಗ ಬಿಸಿಲು ಇಳಿಮುಖವಾಗಿತ್ತು. ಹತ್ತುವುದು ಇಪ್ಪತ್ತೆಂಟು ಮೆಟ್ಟಿಲು, ಆಮೇಲೆ ನೀರಿನ ಕಡೆಗೆ ಅಷ್ಟೇ ಇಳಿಯಬೇಕು. ಅಪ್ಪ ಬುಡದಲ್ಲಿ ನಿಂತು ನನ್ನ ಭುಜದ ಮೇಲೆ ಕೈ ಇಟ್ಟರು. ನಾನು ‘ಬೇಡ’ ಎನ್ನಲು ಬಾಯಿ ತೆರೆದೆ. ಅವರು ಬೆರಳು ತುಟಿಗೆ ಇಟ್ಟುಕೊಂಡರು. ಎರಡು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾ ಹತ್ತಿದೆವು. ಅವರ ಉಸಿರು ನನ್ನ ಕಿವಿಯ ಪಕ್ಕದಲ್ಲೇ ಇತ್ತು.

ಮೇಲೆ ಬಂದಾಗ ನೀರು ಒಮ್ಮೆಗೇ ತೆರೆದುಕೊಂಡಿತು. ಎಲ್ಲಿ ನೀರು ಮುಗಿದು ಆಕಾಶ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಹಕ್ಕಿಗಳು ಎರಡರ ನಡುವಿನ ಹೊಲಿಗೆಯಂತಿದ್ದವು. ಕೆಳಗಿನ ಮೆಟ್ಟಿಲಲ್ಲಿ, ಹೋದ ವರ್ಷ ಅವರು ಜಾರಿದ ಜಾಗದಲ್ಲೇ, ಕಂಬಿಗೆ ಒರಗಿ ಕೂತೆವು. ಕಾಳಿಂಗಣ್ಣ ಮೇಲೆಯೇ ನಿಂತ. ನಾನು ದುರ್ಬೀನು ತೆಗೆದುಕೊಂಡು ಹೆಬ್ಬಾತುಗಳನ್ನು ಹುಡುಕಿದೆ. ನೀರಿನಲ್ಲಿದ್ದವುಗಳ ಕಾಲು ಕಾಣುವುದಿಲ್ಲ. ಅವು ಮೇಯಲು ದಡದ ಹುಲ್ಲಿಗೆ ಏರುವ ತನಕ ಕಾಯಬೇಕು. ಒಂದೊಂದಾಗಿ ಏರಿದವು, ಮೈ ಕೊಡವಿಕೊಂಡವು. ಇನ್ನೂರ ಆರು ಹೆಬ್ಬಾತು. ಇನ್ನೂರ ಆರು ಎಡಗಾಲು. ಎಲ್ಲದರಲ್ಲೂ ಬೆರಳು ಪೂರ್ತಿ ಇದ್ದವು. ಮತ್ತೊಮ್ಮೆ ನೋಡಿದೆ. ಕಣ್ಣಲ್ಲಿ ನೀರು ಬಂದು ದುರ್ಬೀನಿನ ಗಾಜು ಮಸುಕಾಯಿತು.

ಅಪ್ಪನಿಗೆ ಬೆರಳುಗಳಿಂದ ಇನ್ನೂರ ಆರು ಎಂದು ತೋರಿಸಿದೆ. ಆಮೇಲೆ ತಲೆ ಅಲ್ಲಾಡಿಸಿದೆ. ಪುಸ್ತಕ ಅವರ ತೊಡೆಯ ಮೇಲೆ ನನ್ನ ಸಾಲಿನಲ್ಲೇ ತೆರೆದಿತ್ತು. ನಲವತ್ತೊಂದು ವರ್ಷದಲ್ಲಿ ಅವರು ಯಾರ ಮುಲಾಜಿಗೂ ಒಂದು ದಿನ ಹೆಚ್ಚು ಕೊಟ್ಟವರಲ್ಲ. ಎಣಿಕೆ ಮುಗಿದರೆ ‘ಬಾರದ್ದು’. ಪೆನ್ಸಿಲು ಹಿಡಿದರು. ಹಿಡಿದವರು ಬರೆಯಲಿಲ್ಲ. ಅದನ್ನು ಪುಸ್ತಕದ ನಡುವೆ ಇಟ್ಟು ಮುಚ್ಚಿ, ಬಡಗಣ ದಿಕ್ಕಿಗೆ ಮುಖ ಮಾಡಿ ಕೂತರು. ನಾನೂ ಕೂತೆ. ಅಲೆ ಮೆಟ್ಟಿಲಿಗೆ ಬಂದು ಏನೋ ಹೇಳಿ ಹಿಂದಕ್ಕೆ ಹೋಗುತ್ತಿತ್ತು. ನೀರಿನ ಮಾತನ್ನು ಯಾವ ಹಕ್ಕಿಯೂ ಒಯ್ಯುವುದಿಲ್ಲ. ಕೂತಲ್ಲೇ ನನಗೆ ಒಂಥರಾ ಜೊಂಪು ಹತ್ತಿದಂತಾಯಿತು. ಬಿಸಿಲು, ನೀರು, ಅವರ ಉಸಿರು ಮೂರೂ ಒಂದೇ ತಾಳದಲ್ಲಿದ್ದವು.

ಅಪ್ಪ ನನ್ನ ಮಣಿಕಟ್ಟು ಮುಟ್ಟಿದರು. ತಲೆಯ ಹಿಂದೆ ಎರಡು ಬೆರಳು ಅಡ್ಡ ಇಟ್ಟು ತೋರಿಸಿದರು.

ಬಹಳ ಎತ್ತರದಲ್ಲಿ ಬರುತ್ತಿದ್ದವು. ಎರಡು ಚಿಕ್ಕ ಸಾಲು, ಅದರ ಹಿಂದೆ ಎಳೆದ ಒಂದು ಉದ್ದ ಸಾಲು. ಮತ್ತೆ ಎರಡು ಚಿಕ್ಕದು, ಒಂದು ಉದ್ದ. ಆಕಾಶದಲ್ಲಿ ಯಾರೋ ಷಟ್ಪದಿ ಓದುತ್ತಿದ್ದಾರೆ ಎನಿಸಿತು. ನೀರಿನ ಮೇಲೆ ಬಂದಾಗ ಸಾಲುಗಳು ಮುರಿದವು, ರೆಕ್ಕೆ ಓರೆ ಮಾಡಿಕೊಂಡು ಎಲೆ ಉದುರಿದಂತೆ ಉದುರಿದವು. ಅವುಗಳಲ್ಲಿ ಒಂದು ಗುಂಪು ಬಿಟ್ಟು ಈಜುತ್ತಾ ನಮ್ಮ ಮೆಟ್ಟಿಲಿನ ಪಕ್ಕದ ಕೆಸರಿಗೆ ಬಂದು, ಏರಿ, ಮೈ ಕೊಡವಿತು. ಎಡಗಾಲು ಊರಿದ ಕಡೆ ಕೆಸರಿನಲ್ಲಿ ಮೂಡಿದ ಗುರುತಿನಲ್ಲಿ ಎರಡೇ ಗೆರೆ ಇದ್ದವು.

ಅದು ಕತ್ತು ಎತ್ತಿತು. ನನ್ನನ್ನು ನೋಡಿತು. ‘ಅಪ್ಪಾ’ ಎಂದಿತು.

ನನ್ನದೇ ದನಿ. ವರ್ಷದ ಹಿಂದಿನ ಗಾಬರಿ ಹಾಗೇ ಅದರಲ್ಲಿತ್ತು, ಸ್ವಲ್ಪವೂ ಹಳತಾಗಿರಲಿಲ್ಲ. ಎಲ್ಲೆಲ್ಲಿಯ ಹಿಮ ದಾಟಿ ಹೋಗಿ ಬಂದಿತ್ತೋ, ತಣ್ಣಗೆ ಬಂದು ನನ್ನ ನಾಲಿಗೆಯ ಮೇಲೆ ಕೂತಿತು. ನಾನು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡೆ, ಮತ್ತೆ ಹೋಗದಿರಲಿ ಎಂದು.

ಆಗ ಪಕ್ಕದಲ್ಲಿ ಅಪ್ಪ ಉಸಿರೆಳೆದುಕೊಂಡರು. ಕಂಬಿ ಹಿಡಿದು ಬೆನ್ನು ನೆಟ್ಟಗೆ ಮಾಡಿದರು, ಬಸದಿಯಲ್ಲಿ ಓದಲು ಕೂರುವಾಗ ಮಾಡುವಂತೆ. ನೀರಿನ ಕಡೆ ನೋಡುತ್ತಾ, ‘ಓ’ ಎಂದರು.

ಕೆಳಗೆ ಶುರುವಾಗಿ, ಮೇಲಕ್ಕೆ ಹೋಗಿ, ಅಲ್ಲೇ ನಿಂತ ‘ಓ’. ಮಳೆಗಾಲದಿಂದ ಮೂರನೆಯ ಸಾಲಿಗೆ ಸಾಲದೆ ಹೋಗಿದ್ದ ಉಸಿರೆಲ್ಲ ಅದರಲ್ಲಿತ್ತು. ಹೆಬ್ಬಾತು ತಲೆ ಓರೆ ಮಾಡಿ ಪೂರ್ತಿ ಕೇಳಿಸಿಕೊಂಡಿತು. ಆಮೇಲೆ ತಿರುಗಿ ಹುಲ್ಲಿನ ಕಡೆಗೆ ನಡೆದುಹೋಯಿತು.

ಮೆಟ್ಟಿಲು ಹತ್ತಿ ಇಳಿದು ಆಟೊದ ಹತ್ತಿರ ಬರುವ ತನಕ ಯಾರೂ ತುಟಿ ಬಿಚ್ಚಲಿಲ್ಲ. ಅಪ್ಪನನ್ನು ಕುರ್ಚಿಗೆ ಕೂರಿಸಿದೊಡನೆ ಕಾಳಿಂಗಣ್ಣ ಸೊಂಟಕ್ಕೆ ಕೈ ಇಟ್ಟು ನಿಂತ. ‘ಅಯ್ನೋರೇ! ಚೇಳು ಕಡಿದ್ರೂ ಉಸಿರು ಬಿಡದೋರು ನೀವು! ನಮಗೆಲ್ಲ ಬುದ್ಧಿ ಹೇಳೋರು ನೀವು! ಇದೇನ್ ಕೆಲಸ ಮಾಡಿದ್ರಿ!’

‘ಹೋದ ವರ್ಷ ಕಾಲು ಜಾರಿತು, ಈ ವರ್ಷ ಬಾಯಿ ಜಾರಿತು ಕಣಯ್ಯ’ ಎಂದರು ಅಪ್ಪ. ‘ಮಗಳು ಕರೆದರೆ ಏನು ಮಾಡಲಿ?’

ನಾನು ಆಟೊದ ಪಕ್ಕ ಹಿಡಿದುಕೊಂಡು, ಅವರ ಮುಖ ನೋಡುತ್ತಾ, ಒಂದು ವರ್ಷದ ಮೇಲೆ ಕರೆದೆ. ‘ಅಪ್ಪಾ.’

ಅವರ ಬಾಯಿ ತೆರೆಯಿತು. ನಾಲಿಗೆ ಆ ಜಾಗಕ್ಕೆ ಹೋಗಿ ಸುಮ್ಮನೆ ವಾಪಸು ಬಂದದ್ದು ನನಗೆ ಕಂಡಿತು. ನುಣ್ಣಗಿರುವ ಆ ಜಾಗ ನನಗೆ ಚೆನ್ನಾಗಿ ಗೊತ್ತು. ಅವರು ನಕ್ಕರು. ಪಕ್ಕದಲ್ಲಿದ್ದ ಚೊಂಬು ಎತ್ತಿಕೊಂಡು ಪೆನ್ಸಿಲಿನಿಂದ ಎರಡು ಸಲ ತಟ್ಟಿದರು. ಟಣ್ ಟಣ್.

‘ಯಾಕಪ್ಪಾ ಹೀಗೆ ಮಾಡಿದಿರಿ?’ ಎಂದೆ. ಪ್ರತಿ ಸಲ ಆ ಮಾತು ಬಾಯಿಂದ ಬರುವಾಗಲೂ ಮೈ ಬೆಚ್ಚಗಾಗುತ್ತಿತ್ತು. ‘ನಿಮ್ಮ ಉತ್ತರ ಕೇಳೋಕೆ ನಾನು ಮುಂದಿನ ಚಳಿಗಾಲದ ತನಕ ಕಾಯಬೇಕಲ್ಲ.’

‘ಕಾಯಿ’ ಎಂದರು.

ಹೊತ್ತು ಮುಳುಗುವುದರೊಳಗೆ ಊಟಕ್ಕೆ ಮನೆ ಸೇರಬೇಕಿತ್ತು. ಕಾಳಿಂಗಣ್ಣ ಮುಂದಕ್ಕೆ ಹೋಗಿ ಎಂಜಿನ್ನಿನ ಜೊತೆ ಜಗಳ ಶುರು ಮಾಡಿದ. ಅಪ್ಪ ಪುಸ್ತಕ ತೆರೆದರು. ನನ್ನ ಸಾಲಿನ ಮುಂದೆ ‘ಬಂದದ್ದು’ ಎಂದು ಬರೆದರು. ಅದರ ಕೆಳಗೆ ಹೊಸ ಸಾಲು. ‘ಪಟ್ಟೆತಲೆ ಹೆಬ್ಬಾತು. ಎಡಗಾಲಿನ ಒಂದು ಬೆರಳಿಲ್ಲ. ಒಯ್ದದ್ದು:’ ಎಂಬಲ್ಲಿಗೆ ಬಂದು ಪೆನ್ಸಿಲು ನಿಂತಿತು. ಕಳೆದ ಮಾತನ್ನು ಬರೆಯಲೂ ಬರುವುದಿಲ್ಲ. ಪೆನ್ಸಿಲನ್ನು ನನಗೆ ಕೊಟ್ಟರು. ನಾನು ‘ಓ’ ಎಂದು ಬರೆದೆ. ‘ಯಾರದು’ ಎಂಬಲ್ಲಿ ‘ಅಪ್ಪನದು’ ಎಂದು ಬರೆದೆ, ನನ್ನ ಕೈಗೆ ಅದು ಬರುತ್ತದೆಯೋ ಎಂದು ನೋಡುವುದಕ್ಕೆ. ಬಂತು. ‘ತಲುಪಬೇಕಾದದ್ದು’ ಎಂಬಲ್ಲಿ ಯಾವಾಗಲೂ ಕಳೆದುಕೊಂಡವರ ಹೆಸರೇ ಬರೆಯುವುದು. ಪುಸ್ತಕದ ಮೊದಲ ಹಾಳೆಯಿಂದ ಹಾಗೇ ಇದೆ, ಸಣ್ಣಮ್ಮನದೂ ಹಾಗೇ ಇದೆ. ನಾನು ಅವರ ಹೆಸರು ಬರೆಯಲು ಹೊರಟೆ.

ಅಪ್ಪ ನನ್ನ ಕೈಯಿಂದ ಪೆನ್ಸಿಲು ಬಿಡಿಸಿಕೊಂಡರು. ಕನ್ನಡಕ ಸರಿಮಾಡಿಕೊಂಡು, ಬಸದಿಯ ಓಲೆಗಳಲ್ಲಿ ಇರುವಂತೆ ದುಂಡಗೆ, ಒಂದೊಂದೇ ಅಕ್ಷರ ಬರೆದರು. ‘ಮರುದೇವಿಗೆ.’

ಆಟೊ ಹೊರಟಿತು. ಹಿನ್ನೀರು ನಮ್ಮ ಹಿಂದೆ ಬೆಳ್ಳಗೆ ಉಳಿಯಿತು. ಅವರು ಪುಸ್ತಕ ಮುಚ್ಚಿ, ಪದ್ಯ ಮುಗಿದಾಗ ನೋಡುವಂತೆ ತಲೆ ಎತ್ತಿ ನನ್ನ ಕಡೆ ನೋಡಿದರು. ಕೇಳಿಸಿತೇ, ಒಳಗೆ ಹೋಯಿತೇ, ಮುಂದಕ್ಕೆ ಹೋಗಬಹುದೇ ಎಂದು.

ನಾನು ‘ಹೂಂ’ ಎಂದೆ.